ಶತ್ರುವಿನ ಮಗು ಮತ್ತು ದೇವಸಭೆಯ ಋಣ: ಮಕ್ಕಳ ಹಕ್ಕುಗಳ ಚರಿತ್ರೆಯ ಒಂದು ಅಧ್ಯಾಯ

ದೇವಸಭೆಯ ಪಂಚಾಂಗದಲ್ಲಿ ಕ್ರಿಸ್ತಜಯಂತಿಯಾದ ಮೂರನೆಯ ದಿನ, ಅಂದರೆ ಡಿಸೆಂಬರ್ 28, ಬೇತ್ಲೆಹೇಮಿನಲ್ಲಿ ಹೆರೋದನ ಆಜ್ಞೆಯಿಂದ ಹತರಾದ ಶಿಶುಗಳ ಸ್ಮರಣೆಗೆ ಮೀಸಲಾಗಿದೆ. ನಮ್ಮ ಬಹುತೇಕ ಸಭೆಗಳಲ್ಲಿ ಈ ದಿನವು ಕ್ರಿಸ್ಮಸ್ ಕಾರ್ಯಕ್ರಮಗಳಿಗೂ ವರ್ಷಾಂತ್ಯದ ರಾತ್ರಿ ಆರಾಧನೆಗೂ ನಡುವೆ ಸಿಕ್ಕಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಆದರೆ 1919ರಲ್ಲಿ ಅದೇ ದಿನ ಹಲವು ದೇಶಗಳ ದೇವಾಲಯಗಳಲ್ಲಿ, ಹಲವು ಪಂಗಡಗಳಲ್ಲಿ, ಒಂದೇ ಉದ್ದೇಶಕ್ಕಾಗಿ ಕಾಣಿಕೆ ಎತ್ತಲಾಯಿತು. ಯುದ್ಧದಲ್ಲಿ ಸೋತ ಮಧ್ಯ ಯೂರೋಪಿನ ಹಸಿದ ಮಕ್ಕಳಿಗೆ ಅನ್ನ ಒದಗಿಸುವುದೇ ಆ ಉದ್ದೇಶ. ಅದರ ಹಿಂದಿದ್ದದ್ದು ಲಂಡನ್ನಿನಲ್ಲಿ ಹುಟ್ಟಿ ಕೇವಲ ಏಳು ತಿಂಗಳಾಗಿದ್ದ ‘ಸೇವ್ ದ ಚಿಲ್ಡ್ರನ್ ಫಂಡ್’ ಎಂಬ ಸಂಸ್ಥೆ. ಅದರ ಆರಂಭದ ಚರಿತ್ರೆಯನ್ನು ನಾವು ಇಲ್ಲಿ ಅವಲೋಕಿಸುವುದು ಒಂದು ಪ್ರಶ್ನೆಯನ್ನು ಎದುರಿಟ್ಟುಕೊಂಡೇ: ಹಸಿದ ಮಗುವಿಗೆ ನಾವು ಕೊಡುವುದು ದಯೆಯೋ, ಸಲ್ಲಿಸಬೇಕಾದ ಋಣವೋ?

ದಿಗ್ಬಂಧನ ಮತ್ತು ಒಂದು ಕರಪತ್ರ

1918ರ ನವೆಂಬರ್ 11ರಂದು ಯುದ್ಧವಿರಾಮವಾಯಿತು. ಆದರೆ ಮಿತ್ರರಾಷ್ಟ್ರಗಳು ಶತ್ರುದೇಶಗಳ ಸುತ್ತ ಹಾಕಿದ್ದ ಆರ್ಥಿಕ ದಿಗ್ಬಂಧನವು ಅಂದೇ ತೆರವಾಗಲಿಲ್ಲ. ಸಂಧಿಪತ್ರಕ್ಕೆ ಸಹಿ ಬೀಳುವವರೆಗೂ ಅದನ್ನು ಒತ್ತಡದ ಸಾಧನವಾಗಿ ಉಳಿಸಿಕೊಳ್ಳಲಾಯಿತು. ಬಂದೂಕುಗಳು ಮೌನವಾದ ಮೇಲೂ ವಿಯೆನ್ನಾದಲ್ಲಿ ಮಕ್ಕಳು ಹಸಿವಿನಿಂದಲೂ ಕ್ಷಯದಿಂದಲೂ ಸಾಯುತ್ತಿದ್ದರು.

ಈ ನೀತಿಯನ್ನು ಪ್ರಶ್ನಿಸಿದವರಲ್ಲಿ ಎಗ್ಲಂಟೈನ್ ಜೆಬ್ ಮತ್ತು ಆಕೆಯ ತಂಗಿ ಡೊರೊಥಿ ಬಕ್ಸ್‌ಟನ್ ಪ್ರಮುಖರು. 1876ರಲ್ಲಿ ಶ್ರಾಪ್‌ಶೈರಿನಲ್ಲಿ ಜನಿಸಿದ ಜೆಬ್ ಆಕ್ಸ್‌ಫರ್ಡಿನಲ್ಲಿ ಚರಿತ್ರೆಯನ್ನು ಅಭ್ಯಾಸಮಾಡಿದವರು. ಆಂಗ್ಲಿಕನ್ ಸಭೆಯ ವಿಶ್ವಾಸಿ. ಕೇಂಬ್ರಿಡ್ಜಿನಲ್ಲಿ ಆಕೆ ಕೆಲಸಮಾಡಿದ ದಾನವ್ಯವಸ್ಥಾ ಸಂಘವು ಬಡವರನ್ನು ಪರಿಶೀಲಿಸಿ, ಸಹಾಯಕ್ಕೆ ‘ಅರ್ಹ’ರಾದವರನ್ನು ‘ಅನರ್ಹ’ರಿಂದ ಬೇರ್ಪಡಿಸುವ ಪದ್ಧತಿಯದಾಗಿತ್ತು. ಇದನ್ನು ನಾವು ನೆನಪಿನಲ್ಲಿಡಬೇಕು. ಏಕೆಂದರೆ ಆಕೆಯ ಮುಂದಿನ ಬದುಕು ಈ ವಿಂಗಡಣೆಯಿಂದ ಬಿಡಿಸಿಕೊಂಡು ಮುನ್ನಡೆದ ಪಯಣವೆಂದೇ ಹೇಳಬಹುದು. 1913ರಲ್ಲಿ ಆಕೆ ಬಾಲ್ಕನ್ ಯುದ್ಧದ ನಿರಾಶ್ರಿತರಿಗೆ ನೆರವಾಗಲು ಮ್ಯಾಸಿಡೋನಿಯಕ್ಕೆ ಹೋಗಿಬಂದರು.

1919ರ ವಸಂತದಲ್ಲಿ ಜೆಬ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಸಿದ ಆಸ್ಟ್ರಿಯನ್ ಮಗುವಿನ ಚಿತ್ರವಿದ್ದ ಕರಪತ್ರಗಳನ್ನು ಹಂಚಿದರು. ಸರ್ಕಾರದ ಪೂರ್ವಾನುಮತಿಯಿಲ್ಲದೆ ಹಂಚಿದ್ದಕ್ಕಾಗಿ ಬಂಧನವೂ ವಿಚಾರಣೆಯೂ ನಡೆದು, ಐದು ಪೌಂಡ್ ದಂಡ ಬಿತ್ತು. ಸರ್ಕಾರದ ಪರವಾಗಿ ವಾದಿಸಿದ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಅವರೇ ಆ ಐದು ಪೌಂಡನ್ನು ಆಕೆಯ ಕೈಗಿತ್ತರೆಂದೂ, ಅದೇ ಸಂಸ್ಥೆಯ ಮೊದಲ ಕಾಣಿಕೆಯಾಯಿತೆಂದೂ ಸಂಸ್ಥೆಯ ಪರಂಪರೆಯಲ್ಲಿ ನೆನೆಯಲಾಗುತ್ತದೆ. ಮೇ 19ರಂದು ರಾಯಲ್ ಆಲ್ಬರ್ಟ್ ಸಭಾಂಗಣದ ಬಹಿರಂಗ ಸಭೆಯಲ್ಲಿ ಸಂಸ್ಥೆ ಉದ್ಘಾಟನೆಯಾಯಿತು.

ಆ ದಿನಗಳಲ್ಲಿ ‘ಶತ್ರು’ ಎಂಬ ಮಾತಿಗೆ ಎಷ್ಟು ಬಲವಿತ್ತೆಂಬುದನ್ನು ಕರ್ನಾಟಕದ ಸಭೆಯೂ ಕಂಡಿದೆ. 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಶನ್ನಿನ ಜರ್ಮನ್ ಸೇವಕರನ್ನು ಅದೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು, ದೇಶದಿಂದ ಹೊರಗೆ ಕಳುಹಿಸಿತು. ಸಭಿಕರಿಗೆ ಜ್ಞಾನಸ್ನಾನ ಕೊಟ್ಟ ಕೈಗಳು ಒಂದೇ ಆಜ್ಞೆಯಿಂದ ಶತ್ರುವಿನ ಕೈಗಳಾದವು. ಇಂಥ ಕಾಲದಲ್ಲಿ ಶತ್ರುವಿನ ಮಗುವಿಗಾಗಿ ಭಿಕ್ಷೆಯೆತ್ತುವುದು ಸುಲಭದ ಸೇವೆಯಾಗಿರಲಿಲ್ಲ.

ಶಿಶುಗಳ ಸ್ಮರಣೆಯ ದಿನ

ಜೆಬ್ ಸಭೆಗಳ ಬಾಗಿಲು ತಟ್ಟಿದರು. ಇಂಗ್ಲೆಂಡಿನ ಸಭಾನಾಯಕರಿಂದ ಮೊದಲು ದೊರೆತ ಪ್ರತಿಕ್ರಿಯೆ ಉತ್ಸಾಹ ತುಂಬುವಂಥದ್ದಾಗಿರಲಿಲ್ಲ. ಆಂಗ್ಲಿಕನ್ ಆಗಿದ್ದ ಆಕೆ ಆಗ ರೋಮಿನ ಕಡೆಗೆ ತಿರುಗಿದರು. ಹದಿನೈದನೆಯ ಬೆನೆಡಿಕ್ಟ್ ಪೋಪರು 1919ರ ನವೆಂಬರ್ 24ರಂದು ಹೊರಡಿಸಿದ ವಿಶ್ವಪತ್ರದಲ್ಲಿ, ಡಿಸೆಂಬರ್ 28ರಂದು ಮಧ್ಯ ಯೂರೋಪಿನ ಮಕ್ಕಳಿಗಾಗಿ ಪ್ರಾರ್ಥಿಸಿ ಕಾಣಿಕೆ ಎತ್ತಬೇಕೆಂದು ಕರೆಯಿತ್ತರು. ಇತರ ಸಭೆಗಳೂ ಆ ದಿನ ಕೈಜೋಡಿಸಿದವು. ಮರುವರ್ಷ, 1920ರ ಡಿಸೆಂಬರ್ 1ರ ವಿಶ್ವಪತ್ರದಲ್ಲಿ ಪೋಪರು ಸೇವ್ ದ ಚಿಲ್ಡ್ರನ್ ಫಂಡನ್ನು ಹೆಸರಿಸಿಯೇ ಪ್ರಶಂಸಿಸಿದರು. ಕಥೋಲಿಕೇತರರು ಕಟ್ಟಿದ, ಯಾವ ಸಭೆಗೂ ಸೇರದ ಸಂಸ್ಥೆಯೊಂದಕ್ಕೆ ಇಂಥ ಮನ್ನಣೆ ದೊರೆತುದು ಆ ಕಾಲಕ್ಕೆ ಅಪರೂಪದ ಸಂಗತಿ.

ಆರಿಸಿದ ದಿನದಲ್ಲಿಯೇ ಒಂದು ದೈವಶಾಸ್ತ್ರವಿದೆ. ಮತ್ತಾಯನ ಎರಡನೆಯ ಅಧ್ಯಾಯದಲ್ಲಿ ಶಿಶುಗಳು ಸಾಯುವುದು ರೋಗದಿಂದಲ್ಲ, ಬರದಿಂದಲ್ಲ. ಅರಸನ ಭದ್ರತೆಯ ಲೆಕ್ಕಾಚಾರದಿಂದ. ವಿಯೆನ್ನಾದ ಹಸಿವೂ ಅಷ್ಟೇ. ಅದನ್ನು ಬರೀ ದುರದೃಷ್ಟವೆಂದು ಕರೆಯುವಂತಿರಲಿಲ್ಲ. ರಾಜ್ಯಗಳ ತೀರ್ಮಾನವೂ ಅದರಲ್ಲಿ ಸೇರಿತ್ತು. ಆ ದಿನ ಕಾಣಿಕೆ ಹಾಕಿದ ವಿಶ್ವಾಸಿಯು, ತಿಳಿದೋ ತಿಳಿಯದೆಯೋ, ರಾಹೇಲಳ ಗೋಳಿಗೆ ಕಿವಿಗೊಟ್ಟು ಹೆರೋದನ ಲೆಕ್ಕಾಚಾರವನ್ನು ನಿರಾಕರಿಸಿದನು.

ಎರಡು ವರ್ಷಗಳಲ್ಲಿಯೇ ಇನ್ನೊಂದು ಪರೀಕ್ಷೆ ಬಂತು. 1921ರಲ್ಲಿ ರಷ್ಯದ ವೋಲ್ಗಾ ಪ್ರದೇಶದಲ್ಲಿ ಭೀಕರ ಕ್ಷಾಮ ತಲೆದೋರಿತು. ಅಲ್ಲಿ ಆಳುತ್ತಿದ್ದದ್ದು ದೇವರನ್ನು ನಿರಾಕರಿಸಿ, ಸಭೆಯನ್ನು ಹಿಂಸಿಸುತ್ತಿದ್ದ ಸರ್ಕಾರ. ಸ್ವದೇಶದ ಬಡವರನ್ನು ಬಿಟ್ಟು ಬೊಲ್ಶೆವಿಕರ ನಾಡಿಗೆ ಅನ್ನ ಕಳುಹಿಸುವುದೇಕೆಂದು ಬ್ರಿಟಿಷ್ ಪತ್ರಿಕೆಗಳಲ್ಲಿ ಟೀಕೆ ಎದ್ದಿತು. ಆದರೂ ಸಂಸ್ಥೆಯು ಸರಾತೊವ್ ಪ್ರಾಂತದಲ್ಲಿ ಅಡಿಗೆಮನೆಗಳನ್ನು ತೆರೆದು ಲಕ್ಷಾಂತರ ಮಕ್ಕಳಿಗೆ ಉಣಬಡಿಸಿತು. ಯೋನನ ಗ್ರಂಥದ ಕೊನೆಯ ವಚನ ಇಲ್ಲಿ ನಮಗೆ ನೆನಪಾಗದಿರದು. ಇಸ್ರಾಯೇಲಿನ ವೈರಿಯಾದ ನಿನೆವೆಯಲ್ಲಿ ಎಡಗೈ ಬಲಗೈ ತಿಳಿಯದವರು ಲಕ್ಷಕ್ಕೂ ಮಿಕ್ಕಿ ಇರುವಾಗ, ತಾನು ಕನಿಕರಿಸಬಾರದೋ ಎಂದು ದೇವರು ಕೇಳುತ್ತಾನೆ. ಯೋನನ ಉತ್ತರವನ್ನು ಗ್ರಂಥ ಬರೆದಿಡುವುದಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ತಾನೇ ಬರೆಯಬೇಕು.

ದಯೆಯಿಂದ ಋಣಕ್ಕೆ

ಕಾಣಿಕೆಯ ಹರಿವು ಜನರ ಮನಸ್ಸಿನ ಆವೇಗವನ್ನು ಅವಲಂಬಿಸಿತ್ತು. ಆವೇಗ ತಗ್ಗಿದರೆ ಮಗುವಿನ ತಟ್ಟೆಯೂ ಬರಿದಾಗುತ್ತಿತ್ತು. 1920ರ ಜನವರಿಯಲ್ಲಿ ಜಿನೀವದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದ ಜೆಬ್, ಇನ್ನೂ ದೃಢವಾದ ಆಧಾರವನ್ನು ಹುಡುಕಿದರು. ಒಕ್ಕೂಟವು 1923ರಲ್ಲಿ ಅಂಗೀಕರಿಸಿದ ಐದು ಸೂತ್ರಗಳ ಘೋಷಣೆಯನ್ನು ರಾಷ್ಟ್ರಸಂಘವು 1924ರ ಸೆಪ್ಟೆಂಬರ್ 26ರಂದು ಸ್ವೀಕರಿಸಿತು. ಮಗುವಿನ ದೈಹಿಕ ಹಾಗೂ ಆತ್ಮಿಕ ಬೆಳವಣಿಗೆಗೆ ಬೇಕಾದುದನ್ನು ಒದಗಿಸುವುದು. ಹಸಿದವರು, ರೋಗಿಗಳು, ಹಿಂದುಳಿದವರು, ದಾರಿತಪ್ಪಿದವರು, ಅನಾಥರು ಆದ ಮಕ್ಕಳನ್ನು ಆದುಕೊಳ್ಳುವುದು. ಸಂಕಟಕಾಲದಲ್ಲಿ ಮೊದಲ ನೆರವು ಮಗುವಿಗೆ ಸಲ್ಲುವುದು. ಜೀವನೋಪಾಯಕ್ಕೆ ಸಿದ್ಧಗೊಳಿಸಿ ಶೋಷಣೆಯಿಂದ ಕಾಯುವುದು. ತನ್ನ ಪ್ರತಿಭೆ ಸಹಮಾನವರ ಸೇವೆಗೆಂಬ ಅರಿವಿನಲ್ಲಿ ಬೆಳೆಸುವುದು. ಇವೇ ಆ ಐದು. ಎರಡನೆಯ ಸೂತ್ರವನ್ನು ಓದುವ ಕ್ರೈಸ್ತನಿಗೆ ಮತ್ತಾಯ 25ರ ನ್ಯಾಯತೀರ್ಪಿನ ದೃಶ್ಯ ಕಣ್ಮುಂದೆ ಬಾರದಿರದು.

ಘೋಷಣೆಯ ಶೀರ್ಷಿಕೆಯಲ್ಲಿ ‘ಹಕ್ಕು’ ಎಂಬ ಪದವಿದೆ. ಸೂತ್ರಗಳಲ್ಲಿ ಅದು ಇಲ್ಲ. ಪೀಠಿಕೆಯಲ್ಲಿರುವುದು ಋಣದ ಭಾಷೆ: ಮಾನವಕುಲವು ತನ್ನಲ್ಲಿರುವ ಅತ್ಯುತ್ತಮವಾದುದನ್ನು ಜನಾಂಗ, ರಾಷ್ಟ್ರ, ಮತಗಳ ಭೇದವಿಲ್ಲದೆ ಮಗುವಿಗೆ ಸಲ್ಲಿಸಬೇಕಾಗಿದೆ. ಈ ವಿಚಾರ ಸತ್ಯವೇದಕ್ಕೆ ಹೊಸತಲ್ಲ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಹೊಲದಲ್ಲಿ ಮರೆತುಬಂದ ಸಿವುಡು ಪರದೇಶಿಗೂ ಅನಾಥನಿಗೂ ವಿಧವೆಗೂ ಸೇರತಕ್ಕದ್ದೆಂದು ವಿಧಿಸಲಾಗಿದೆ. ಅದು ಒಡೆಯನ ಔದಾರ್ಯಕ್ಕೆ ಬಿಟ್ಟ ಮಾತಲ್ಲ. ದೇವರ ವಿಧಿಯ ಪ್ರಕಾರ ಅದು ಆಗಲೇ ಅವರ ಪಾಲು.

ಕೋರ್ಚಾಕರ ಆಕ್ಷೇಪ

ಆದರೂ ಈ ಚರಿತ್ರೆಯನ್ನು ಕೇವಲ ಸ್ತುತಿಯಾಗಿ ಬರೆಯುವುದು ನ್ಯಾಯವಲ್ಲ. ವಾರ್ಸಾದಲ್ಲಿ ಯೆಹೂದಿ ಅನಾಥಾಲಯವನ್ನು ನಡೆಸುತ್ತಿದ್ದ ವೈದ್ಯ ಯಾನುಶ್ ಕೋರ್ಚಾಕ್ 1929ರಲ್ಲಿಯೇ ಜಿನೀವ ಘೋಷಣೆಯನ್ನು ಟೀಕಿಸಿದರು. ಅದನ್ನು ರಚಿಸಿದವರು ಕರ್ತವ್ಯವನ್ನೂ ಹಕ್ಕನ್ನೂ ಬೆರೆಸಿಬಿಟ್ಟಿದ್ದಾರೆ, ಅದರ ದನಿ ಹಕ್ಕೊತ್ತಾಯದ್ದಲ್ಲ, ವಿನಂತಿಯದು ಎಂಬುದು ಅವರ ಆಕ್ಷೇಪ. ಘೋಷಣೆಯಲ್ಲಿ ಮಗು ಪಡೆಯುತ್ತದೆ, ಆದರೆ ಮಾತನಾಡುವುದಿಲ್ಲ. ಹಸಿದ ಮಗುವಿನ ಚಿತ್ರ ತೋರಿಸಿ ಹಣ ಎತ್ತುವ ಪದ್ಧತಿಗೂ ಈ ಪ್ರಶ್ನೆ ತಟ್ಟುತ್ತದೆ. ಕೋರ್ಚಾಕರು 1942ರ ಆಗಸ್ಟಿನಲ್ಲಿ ತಮ್ಮ ಅನಾಥಾಲಯದ ಮಕ್ಕಳೊಡನೆ ಟ್ರೆಬ್ಲಿಂಕಾಕ್ಕೆ ಸಾಗಿಸಲ್ಪಟ್ಟು ಹತರಾದರು. ಮಕ್ಕಳನ್ನು ಬಿಟ್ಟು ತಾನೊಬ್ಬನೇ ಉಳಿಯಲು ಅವರು ಒಪ್ಪಲಿಲ್ಲ. ಅವರ ಟೀಕೆಯನ್ನು ನಾವು ಹಗುರವಾಗಿ ಕಾಣಲಾಗದು.

ವಿಶ್ವಸಂಸ್ಥೆಯು 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯಲ್ಲಿ ಆ ಕೊರತೆಗೆ ಉತ್ತರ ದೊರೆಯಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ತನ್ನ ಅಭಿಪ್ರಾಯವನ್ನು ಹೇಳುವ, ಅದಕ್ಕೆ ತಕ್ಕ ಮನ್ನಣೆ ಪಡೆಯುವ ಹಕ್ಕು ಮಗುವಿನದಾಯಿತು. 1992ರ ಡಿಸೆಂಬರ್ 11ರಂದು ಭಾರತವೂ ಆ ಒಡಂಬಡಿಕೆಗೆ ಸೇರಿತು.

ನಮ್ಮ ಸಭೆಗಳ ಮುಂದೆ

ಜೆಬ್ 1928ರ ಡಿಸೆಂಬರ್ 17ರಂದು ಜಿನೀವದಲ್ಲಿ ನಿಧನರಾದರು. ಇಂಗ್ಲೆಂಡಿನ ಸಭೆಯು ಇಂದು ತನ್ನ ಪಂಚಾಂಗದಲ್ಲಿ ಆ ದಿನ ಆಕೆಯನ್ನು ಸ್ಮರಿಸುತ್ತದೆ. ನಮಗೆ ಉಳಿದಿರುವುದು ಸ್ಮರಣೆಯೊಂದೇ ಅಲ್ಲ. ನಮ್ಮ ಸಭೆಗಳು ಶಾಲೆಗಳನ್ನೂ ವಸತಿನಿಲಯಗಳನ್ನೂ ಅನಾಥಾಲಯಗಳನ್ನೂ ನಡೆಸುತ್ತ ಬಂದಿವೆ. ಅಲ್ಲಿಯ ಮಗುವನ್ನು ನಾವು ನಮ್ಮ ದಯೆಯ ಫಲಾನುಭವಿಯೆಂದು ಮಾತ್ರ ಕಂಡರೆ, ಅದು ನೋವಿನ ಮಾತನ್ನಾಡಿದಾಗ ಕೃತಘ್ನತೆಯೆಂದು ಕೇಳಿಸೀತು, ಸಂಸ್ಥೆಯ ಹೆಸರನ್ನು ಉಳಿಸಿಕೊಳ್ಳುವ ಆತುರವೂ ಮುಂದಾದೀತು. 2012ರ ಪೋಕ್ಸೋ ಕಾಯಿದೆಯು ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದ ಪ್ರತಿಯೊಬ್ಬನ ಮೇಲೂ ಅದನ್ನು ವರದಿಮಾಡುವ ಹೊಣೆ ಹೊರಿಸಿದೆ. ಸಭಾಪಾಲಕನು ಅದಕ್ಕೆ ಹೊರತಲ್ಲ. ಸಂಸ್ಥೆಯ ಭದ್ರತೆಗಾಗಿ ಮಗುವಿನ ಬಾಯಿ ಮುಚ್ಚಿಸುವುದು ಹೆರೋದನ ಲೆಕ್ಕಾಚಾರದ ಮುಂದುವರಿಕೆಯೇ ಸರಿ.

ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಯಾರು ದೊಡ್ಡವನೆಂದು ವಾದಿಸಿದ ಶಿಷ್ಯರ ನಡುವೆ ಒಂದು ಮಗುವನ್ನು ನಿಲ್ಲಿಸಿದನು. ಆ ಮಗು ಯಾರದು, ಯಾವ ಕುಲದ್ದೆಂದು ಸುವಾರ್ತೆ ತಿಳಿಸುವುದಿಲ್ಲ. ಬರುವ ಡಿಸೆಂಬರ್ 28ರಂದು ನಮ್ಮ ಪ್ರಸಂಗಪೀಠಗಳಿಂದ ಬೇತ್ಲೆಹೇಮಿನ ಶಿಶುಗಳ ಪಾಠ ಓದಲ್ಪಡಲಿ. ಅದರೊಡನೆ ನಮ್ಮ ಪೋಷಣೆಯಲ್ಲಿರುವ ಮಕ್ಕಳಿಗೆ ನಾವು ಇನ್ನೂ ಸಲ್ಲಿಸದೆ ಉಳಿಸಿಕೊಂಡಿರುವ ಋಣದ ಲೆಕ್ಕವೂ ತೆರೆಯಲ್ಪಡಲಿ.