ಹಳಿಗಳು ಕೂಡುವಲ್ಲಿ ಕ್ರಿಸ್ಮಸ್

ಕಲಬುರಗಿ ಜಿಲ್ಲೆಯ ನಕ್ಷೆಯಲ್ಲಿ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಊರುಗಳ ಮೇಲೆ ಬೆರಳಾಡಿಸುತ್ತ ಹೋದರೆ ಬೆರಳು ರೈಲು ಹಳಿಯ ಮೇಲೆಯೇ ಸಾಗುತ್ತದೆ. ಚಿಂಚೋಳಿಗೆ ಮಾತ್ರ ಹಳಿ ಇಲ್ಲ. ಅಲ್ಲಿಯವರಿಗೆ ಬಸ್ಸೇ ಗತಿ. ಸಂಖ್ಯೆಯಲ್ಲಿ ಬಹಳ ಕಡಿಮೆಯಿರುವ ಈ ಭಾಗದ ಕಥೋಲಿಕ ಕ್ರೈಸ್ತರ ಕಥೆ ತಿಳಿಯಬೇಕಾದರೂ ಮೊದಲು ಸ್ಟೇಷನ್ನಿಗೇ ಹೋಗಬೇಕು.

ಬೊಂಬಾಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಆ ದಾರಿ ನಿಜಾಮರ ರಾಜಧಾನಿಯನ್ನು ಮುಟ್ಟದೆ ಹೋಗಿತ್ತು. ಅದಕ್ಕಾಗಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಹಾಕಿದ ಕವಲು ಹಳಿಯ ಮೇಲೆ 1874ರಲ್ಲಿ ಗಾಡಿ ಓಡಿತು. ಬಯಲಿನ ನಡುವಣ ವಾಡಿ ಜಂಕ್ಷನ್ ಆಯಿತು. ನೆಲದಡಿಯ ಸುಣ್ಣಕಲ್ಲು ಕಾರ್ಖಾನೆಗಳನ್ನು ಕರೆಯಿತು: 1920ರ ದಶಕದಲ್ಲಿ ಶಹಾಬಾದಿನಲ್ಲಿ, 1968ರಲ್ಲಿ ವಾಡಿಯಲ್ಲಿ, ಎಂಬತ್ತರ ದಶಕದಲ್ಲಿ ಸೇಡಂನಲ್ಲಿ ಸಿಮೆಂಟು. ನೌಕರಿ ಹುಡುಕಿ ದೂರದೂರದ ಜನ ಬಂದರು. ತಮಿಳು, ತೆಲುಗು, ಮಲಯಾಳ, ಕೊಂಕಣಿ ಮನೆಮಾತಿನವರು ಒಂದೇ ಕ್ವಾರ್ಟರ್ಸ್ ಸಾಲಿನಲ್ಲಿ ನೆರೆಯವರಾದರು. ಅವರಲ್ಲಿ ಕೆಲವರ ಪೆಟ್ಟಿಗೆಯಲ್ಲಿ ಜಪಮಾಲೆಯೂ ಇತ್ತು.

ರಾಯಚೂರು ಜಿಲ್ಲೆಯ ಮುದಗಲ್ಲಿನೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿನ ಕಥೋಲಿಕರು ಆದಿಲ್ ಶಾಹಿ ಕಾಲದಿಂದ ಬಂದವರು, ಕನ್ನಡದವರು, ನೆಲಕ್ಕೆ ಅಂಟಿದವರು. ವಾಡಿ, ಶಹಾಬಾದಿನ ಹಲವು ಮನೆಗಳ ಮಾತು ಬೇರೆ. ವರ್ಗಾವಣೆಯೋ ನಿವೃತ್ತಿಯೋ ಬಂದರೆ ಮನೆ ಖಾಲಿ.

ಹೀಗೆ ಕೂಡಿದವರು ದೇವರೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕು? ಮೊದಮೊದಲು ಈ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ. ಬಲಿಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಅದು ಯಾರ ಮನೆಮಾತೂ ಅಲ್ಲವಾದ್ದರಿಂದ ಎಲ್ಲರೂ ಸಮಾನರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯನ್ನು ಕುರಿತ ಶಾಸನವನ್ನು ಹೊರಡಿಸಿ ಜನಭಾಷೆಗೆ ಬಾಗಿಲು ತೆರೆಯಿತು. ಕನ್ನಡಕ್ಕೆ ಅದು ದೊಡ್ಡ ಲಾಭ. ಆದರೆ ಜಂಕ್ಷನ್ ಊರಿನಲ್ಲಿ ಕನ್ನಡ ಪೂಜೆ ಕೇಳಿಸಿಕೊಂಡ ಎಷ್ಟೋ ಹಿರಿಯರು ಮನೆಗೆ ಬಂದು ಸಂಜೆಯ ಪ್ರಾರ್ಥನೆಯನ್ನು ತಮ್ಮ ತಮ್ಮ ಮಾತಿನಲ್ಲೇ ಹೇಳಿಕೊಂಡರು. ಮಕ್ಕಳಿಗೆ ಎರಡೂ ಅರ್ಧರ್ಧ ಬಂದವು. ಇದನ್ನು ನಾನು ದೋಷವೆನ್ನುವುದಿಲ್ಲ. ಆದರೆ ನಂಬಿಕೆ ಸಡಿಲವಾಗುವ ಒಂದು ಜಾಗ ಇದೇ ಎಂದು ನನ್ನ ಅನಿಸಿಕೆ.

ಆ ಮಕ್ಕಳು ಈಗ ಹೈದರಾಬಾದ್, ಪುಣೆ, ಬೆಂಗಳೂರುಗಳಲ್ಲಿದ್ದಾರೆ. ವರ್ಷದಲ್ಲಿ ಒಮ್ಮೆ, ಡಿಸೆಂಬರಿನಲ್ಲಿ, ಅದೇ ಹಳಿಯ ಮೇಲೆ ಮರಳುತ್ತಾರೆ. ಹೊಲಗಳಲ್ಲಿ ತೊಗರಿ ಕೊಯ್ಲಿನ ಕಾಲ. ಚರ್ಚಿನಲ್ಲಿ ಆಗಮನ ಕಾಲ: ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳು, ಗುರುಗಳ ಮೈಮೇಲೆ ನೇರಳೆ ಬಣ್ಣದ ಉಡುಪು. ಸಡಗರಕ್ಕಿಂತ ಮೊದಲು ಪಾಪನಿವೇದನೆ. ಊರು ಬಿಟ್ಟ ಮಗ ವರ್ಷಗಳ ನಂತರ ತಾಯಿಯ ಹಿಂದೆ ಆ ಸಾಲಿನಲ್ಲಿ ನಿಲ್ಲುವುದು ಹಬ್ಬದ ಅತಿ ಕಷ್ಟದ ಗಳಿಗೆ. ಹಾಡನ್ನು ಯಾವ ಭಾಷೆಯಲ್ಲಾದರೂ ಹಾಡಬಹುದು. ತಪ್ಪು ಒಪ್ಪಿಕೊಳ್ಳಲು ನಾಲಿಗೆ ಮನೆಮಾತನ್ನೇ ಹುಡುಕುತ್ತದೆ. ಜಾಲರಿಯ ಆಚೆ ಕುಳಿತ ಗುರುಗಳಿಗೆ ಅದು ಬರಬೇಕೆಂದೇನೂ ಇಲ್ಲ.

ಇದಕ್ಕೆ ಹೋಲಿಸಿದರೆ ಗೋದಲಿ ಸಲೀಸು. ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ, ಹುಲ್ಲು ಹಾಸಿ ಯೇಸುವಿನ ಜನನದ ದೃಶ್ಯವನ್ನು ಕಟ್ಟಿದ. ಅಕ್ಷರ ಬಾರದವರಿಗೂ ಅದು ಅರ್ಥವಾಗಲಿ ಎಂದು. ಎತ್ತು ಕಟ್ಟುವ ನಮ್ಮ ಸೀಮೆಗೆ ಗೋದಲಿಯನ್ನು ಅನುವಾದಿಸುವ ಅಗತ್ಯವೇ ಇಲ್ಲ. ಮೊಮ್ಮಕ್ಕಳು ಅಜ್ಜಿಯೊಡನೆ ಗೊಂಬೆ ಜೋಡಿಸುವಾಗ ಭಾಷೆಯ ಜಗಳವೂ ಇಲ್ಲ. ತಿಂಡಿಯ ವಿಷಯವೂ ಹೀಗೆಯೇ. ಮಂಗಳೂರಿನವರ ಕುಸ್ವಾರ್ ತಟ್ಟೆಯ ನೆವ್ರಿಯನ್ನು ಪಕ್ಕದ ಮನೆಯವರು ಕಂಡರೆ ‘ಇದು ನಮ್ಮ ಕರಚಿಕಾಯಿ ಅಲ್ಲೇನ್ರಿ?’ ಎಂದು ಕೇಳಿಯಾರು.

ಕಲಬುರಗಿಗೆ ಪ್ರತ್ಯೇಕ ಧರ್ಮಪ್ರಾಂತ ದೊರೆತದ್ದು 2005ರಲ್ಲಿ. ರಾಬರ್ಟ್ ಮಿರಾಂಡ ಅದರ ಮೊದಲ ಧರ್ಮಾಧ್ಯಕ್ಷರಾದರು. ಹಳಿ ಬಂದು 130 ವರ್ಷ ಕಳೆದ ಮೇಲೆ ಈ ಸೀಮೆಯ ಕಥೋಲಿಕರಿಗೆ ಧರ್ಮಪೀಠವೂ ತಮ್ಮದೇ ಜಿಲ್ಲೆಯಲ್ಲಿ ಆಯಿತು.

ನಡುರಾತ್ರಿಯ ಪೂಜೆ ಮುಗಿದಾಗ ಚಿಂಚೋಳಿಯಂಥ ಕಡೆಗೆ ಹೋಗಬೇಕಾದವರಿಗೆ ಬಸ್ಸು ಇರುವುದಿಲ್ಲ. ಬೆಳಗಿನ ತನಕ ಯಾರದಾದರೂ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸುತ್ತಾರೆ. ಕೆಲವರು ನಿದ್ದೆ ಮಾಡುವುದಿಲ್ಲ. ಯಾರ ಅಜ್ಜ ಯಾವ ಊರಿನಿಂದ, ಯಾವ ಗಾಡಿಗೆ ಬಂದಿಳಿದ ಎಂಬ ಮಾತು ನಡೆದೇ ಇರುತ್ತದೆ.