ಹೆಜ್ಜೆ ಬಲ್ಲವರ ಕಸುಬು

ಕರ್ನಾಟಕದ ವನ್ಯಜೀವಿ ಸಂರಕ್ಷಣೆಯ ಚರಿತ್ರೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಲೋ, ಮರುವರ್ಷ ಬಂಡೀಪುರಕ್ಕೆ ಬಂದ ಹುಲಿ ಯೋಜನೆಯಿಂದಲೋ ಆರಂಭಿಸುವುದು ವಾಡಿಕೆ. ಆದರೆ ಕಾಡು ಕಾಯುವುದನ್ನು ಒಂದು ಕಸುಬೆಂದು ನೋಡಿದಾಗ ಅದರ ಬೇರುಗಳು, ವಿಚಿತ್ರವೆನಿಸಿದರೂ, ಆನೆ ಹಿಡಿಯುವ ಕಸುಬಿನಲ್ಲಿ, ಅಂದರೆ ಹಳೆಯ ಮೈಸೂರಿನ ಖೆಡ್ಡಾದಲ್ಲಿ ಸಿಗುತ್ತವೆ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಕೂಗುಗಳಿಂದ ಬೆದರಿಸಿ ಅಟ್ಟಿಕೊಂಡು ಬಂದು, ಕಂದಕ ಅಥವಾ ದಿಮ್ಮಿಗಳ ಬೇಲಿಯ ಆವರಣದೊಳಗೆ ಕೂಡಿಹಾಕಿ, ಪಳಗಿದ ಆನೆಗಳ ನೆರವಿನಿಂದ ಹಗ್ಗ ಬಿಗಿದು ಸೆರೆಹಿಡಿಯುವ ಪದ್ಧತಿಗೆ ಖೆಡ್ಡಾ ಎಂದು ಹೆಸರು.

ಕಾಕನಕೋಟೆಯ ಕಾಡಿನಲ್ಲಿ ಹೈದರಾಲಿ ಆನೆ ಹಿಡಿಸಲು ಹೋಗಿ ಸೋತು, ಮುಂದೆ ಯಾರೂ ಆ ಸಾಹಸಕ್ಕೆ ಇಳಿಯಬಾರದೆಂದು ಕಲ್ಲಿನ ಮೇಲೆ ಶಾಪ ಕೆತ್ತಿಸಿದನೆಂಬ ಪ್ರತೀತಿಯುಂಟು. ಶಾಪಕ್ಕೆ ಅಂಜದ ಜಿ. ಪಿ. ಸ್ಯಾಂಡರ್ಸನ್ ಎಂಬ ನೀರಾವರಿ ಅಧಿಕಾರಿ 1874ರಲ್ಲಿ ಚಾಮರಾಜನಗರದ ಬಳಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಬಾರಿಗೆ ಹಿಡಿಸಿದನು. ಮುಂದೆ ಕಾಕನಕೋಟೆಯಲ್ಲಿ ಹಿಂಡನ್ನು ಕಬಿನಿ ಹೊಳೆ ದಾಟಿಸಿ ಬೇಲಿಯೊಳಗೆ ತರುವ ಕ್ರಮ ರೂಢಿಯಾಗಿ, ಅದು ಅರಮನೆಯ ಅತಿಥಿಗಳು ಅಟ್ಟಣಿಗೆಯ ಮೇಲೆ ಕುಳಿತು ನೋಡುವ ವೈಭವವೂ ಆಯಿತು.

ಅಟ್ಟಣಿಗೆಯ ಕೆಳಗಿದ್ದವರ ವಿದ್ಯೆಯೇ ಇಲ್ಲಿ ಮುಖ್ಯವಾದುದು. ಹಿಂಡು ಎಲ್ಲಿ ನೀರಿಗಿಳಿಯುತ್ತದೆ, ಯಾವ ದಾರಿಯಲ್ಲಿ ಮೇವಿಗೆ ಹೋಗುತ್ತದೆ, ಲದ್ದಿ ಬಿದ್ದು ಎಷ್ಟು ಹೊತ್ತಾಯಿತು ಎಂಬುದನ್ನು ಜೇನುಕುರುಬ, ಬೆಟ್ಟಕುರುಬ ಎಂಬ ಕಾಡುಜನರು ನೆಲ ನೋಡಿಯೇ ಹೇಳಬಲ್ಲವರಾಗಿದ್ದರು. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಸುಮಾರು ಎರಡರಷ್ಟು ಆನೆಯ ಎತ್ತರವಿರುತ್ತದೆಂಬುದು ಈ ಕಸುಬಿನ ಪ್ರಸಿದ್ಧ ಲೆಕ್ಕ. ಆದರೆ ಗ್ರಂಥಗಳಲ್ಲಿ ಉಳಿದದ್ದು ಬಹುಮಟ್ಟಿಗೆ ಅಧಿಕಾರಿಗಳ ಹೆಸರು. ಕಾರಾಪುರದ ಮಾವುತನ ಮಗ ಸಾಬು 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಲೋಕಪ್ರಸಿದ್ಧನಾದದ್ದು ಅಪವಾದ, ಅದೂ ಸಿನಿಮಾದ ಕೃಪೆ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಜಲಾಶಯದ ನೀರು ಖೆಡ್ಡಾ ಬಯಲನ್ನು ಮುಳುಗಿಸಿತು. 1977ರಲ್ಲಿ ಆನೆಯು 1972ರ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯುಳ್ಳ ಪ್ರಾಣಿಗಳ ಪಟ್ಟಿಗೆ, ಸೇರಿತು. ಅದೇ ದಶಕದಲ್ಲಿ ಸಂರಕ್ಷಣೆಯ ಹೆಸರಿನಲ್ಲಿ ಎಷ್ಟೋ ಹಾಡಿಗಳನ್ನು, ಎಂದರೆ ಈ ಕಾಡುಜನರ ವಸತಿಗಳನ್ನು, ಎಬ್ಬಿಸಲಾಯಿತು. ವಾಸಕ್ಕೆ ಬೇಡವಾದವರು ಕೆಲಸಕ್ಕೆ ಮಾತ್ರ ಬೇಕಾದರೆಂಬುದು ಈ ಚರಿತ್ರೆಯ ಅತ್ಯಂತ ಕಹಿಯಾದ ಭಾಗ: ಬಳ್ಳೆ, ಮತ್ತಿಗೋಡು, ದುಬಾರೆಯ ಆನೆ ಶಿಬಿರಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳು, ಕಳ್ಳಬೇಟೆ ತಡೆ ಶಿಬಿರಗಳ ದಿನಗೂಲಿ ವಾಚರುಗಳು ಬಹುಪಾಲು ಅದೇ ಸಮುದಾಯಗಳಿಂದ ಬಂದವರು. ಗಸ್ತು ತಿರುಗುವುದು, ಬೇಸಿಗೆಗೆ ಮುನ್ನ ಬೆಂಕಿರೇಖೆ ಸವರುವುದು (ಕಾಳ್ಗಿಚ್ಚು ದಾಟದಂತೆ ಒಣಹುಲ್ಲು ತೆಗೆದ ಪಟ್ಟಿಗೆ ಈ ಹೆಸರು), ಲಂಟಾನ ಕೀಳುವುದು ಅವರ ಪಾಲಿನ ದುಡಿಮೆ. 2006ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಕ್ಯಾಮೆರಾಗಳು ಎಷ್ಟೇ ಇದ್ದರೂ, ಮೊದಲ ಹಂತವೆಂದರೆ ಸಿಬ್ಬಂದಿ ಕಾಲ್ನಡಿಗೆಯಲ್ಲಿ ಹೋಗಿ ಹೆಜ್ಜೆ, ಹಿಕ್ಕೆ, ಗೀರುಗಳನ್ನು ಗುರುತುಹಾಕುವುದು.

ಕೊಡಗು, ಹಾಸನಗಳ ಕಾಫಿ ತೋಟಕ್ಕೆ ನುಗ್ಗಿದ ಪುಂಡಾನೆಯನ್ನು ಹಿಡಿಯಲು ಆದೇಶವಾದಾಗ ಹಗ್ಗದ ಜೊತೆಗೆ ಅರಿವಳಿಕೆ ಬಂದೂಕು, ಲಾರಿ, ಪಶುವೈದ್ಯರು ಬರುತ್ತಾರೆ. ಅವರೆಲ್ಲರಿಗಿಂತ ಮುಂದೆ, ನೆಲ ನೋಡುತ್ತ, ಹಾಡಿಯ ಒಬ್ಬಾತ ನಡೆಯುತ್ತಿರುತ್ತಾನೆ.