ಕಾಗುಣಿತ ಕಲಿತ ಕೀಲಿಮಣೆ

ವರ್ಷಗಟ್ಟಲೆ ಮಕ್ಕಳ ಕೈಹಿಡಿದು ಕಾಗುಣಿತ ತಿದ್ದಿಸಿದ ನನಗೆ ಕಂಪ್ಯೂಟರಿನ ಮೇಲೆ ಗೌರವ ಹುಟ್ಟಿದ್ದು ಅದರ ವೇಗವನ್ನು ನೋಡಿ ಅಲ್ಲ. ಅದರ ಕನ್ನಡ ಕೀಲಿಮಣೆಗೆ ನಮ್ಮ ಕಾಗುಣಿತ ಗೊತ್ತು ಎಂದು ತಿಳಿದ ಮೇಲೆ.

ಬೆರಳಚ್ಚು ಯಂತ್ರದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹುಡುಗಿಯರು ಟೈಪಿಂಗ್ ತರಗತಿಗೆ ಸೇರುತ್ತಿದ್ದೆವು. ಜೂನಿಯರ್, ಸೀನಿಯರ್ ಪಾಸಾದರೆ ಎಲ್ಲಾದರೂ ಒಂದು ಕೆಲಸ ಸಿಕ್ಕೀತೆಂಬ ಆಸೆ. ಆ ಯಂತ್ರ ಹುಟ್ಟಿದ್ದು ಇಂಗ್ಲಿಷಿನಂಥ ಭಾಷೆಗಳಿಗಾಗಿ. ಅದರಲ್ಲಿ ಐವತ್ತೂ ತುಂಬದಷ್ಟು ಕೀಲಿಗಳು. ನಮ್ಮಲ್ಲೋ 34 ವ್ಯಂಜನಗಳು. ಒಂದಕ್ಕೆ ಇನ್ನೊಂದನ್ನು ಒತ್ತಾಗಿ ಕೊಟ್ಟರೆ ಲೆಕ್ಕಕ್ಕೆ 1156 ಜೋಡಿಗಳು! (ಎಲ್ಲವೂ ಬಳಕೆಯಲ್ಲಿಲ್ಲ, ಆ ಮಾತು ಬೇರೆ.) ಇಷ್ಟನ್ನೂ ಅಷ್ಟರಲ್ಲಿ ಹಿಡಿಸುವ ಕೀಲಿಮಣೆಯನ್ನು ರೂಪಿಸಿದ ಅನಂತಸುಬ್ಬರಾಯರ ಜಾಣ್ಮೆ ದೊಡ್ಡದು. ಆದರೂ ಅಕ್ಷರವನ್ನು ತುಂಡುತುಂಡಾಗಿ ಜೋಡಿಸುವುದು ತಪ್ಪಲಿಲ್ಲ. ಯಾವ ತುಂಡು ಎಲ್ಲಿದೆಯೆಂದು ಬೆರಳುಗಳು ತಿಂಗಳುಗಟ್ಟಲೆ ಬಾಯಿಪಾಠ ಮಾಡಬೇಕಿತ್ತು.

ಕಂಪ್ಯೂಟರ್ ಬಂದಾಗ ಇದೇ ಪಾಡು ಮುಂದುವರಿಯಬಹುದಿತ್ತು. ಮುಂದುವರಿಯದಂತೆ ನೋಡಿಕೊಂಡವರಲ್ಲಿ ಮುಖ್ಯರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್. ಅವರು ಅಕ್ಷರದ ಆಕಾರವನ್ನು ಬದಿಗಿಟ್ಟು ಉಚ್ಚಾರವನ್ನು ಹಿಡಿದರು. ಇಂಗ್ಲಿಷಿನ 'ಕೆ' ಒತ್ತಿದರೆ ಕ. ಶಿಫ್ಟ್ ಜೊತೆಗೆ ಒತ್ತಿದರೆ ಅದರ ಮಹಾಪ್ರಾಣ ಖ. ಒತ್ತಕ್ಷರ ಬೇಕೆಂದರೆ ನಡುವೆ 'ಎಫ್'. 'ಅಮ್ಮ' ಬರೆಯಲು ನಾಲ್ಕು ಸಲ ಬೆರಳಾಡಿಸಿದರೆ ಸಾಕು: ಅ, ಮ, ಎಫ್, ಮ. ಒತ್ತು ಎಲ್ಲಿ ಕೂರಬೇಕು, ಕೊಂಬು ಎಲ್ಲಿಗೆ ತಿರುಗಬೇಕು ಎಂಬ ಚಿಂತೆ ಯಂತ್ರದ್ದು. ಒಂದನೆಯ ತರಗತಿಯ ಮಗುವಿಗೆ ನಾವು ಹೇಳಿಕೊಡುವ ಕ್ರಮವೂ ಇದೇ ತಾನೆ? 26 ಕೀಲಿಗಳೊಳಗೆ ಇಡೀ ಕನ್ನಡ ಕೂತಿತು. ಈ ವಿನ್ಯಾಸವನ್ನು ಅವರು ಯಾರಿಗೂ ಮಾರಲಿಲ್ಲ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ಸರ್ಕಾರ ಇದೇ ವಿನ್ಯಾಸವನ್ನು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಅದು ಕಚೇರಿ, ಶಾಲೆಗಳನ್ನು ತಲುಪಿತು.

ಒಂದು ತೊಡಕು ಮಾತ್ರ ಉಳಿಯಿತು. ಬೆರಳು ಉಚ್ಚಾರವನ್ನು ಅನುಸರಿಸಿದರೂ ಹಳೆಯ ತಂತ್ರಾಂಶಗಳು ಒಳಗೆ ಕೂಡಿಡುತ್ತಿದ್ದುದು ಆಕಾರದ ತುಂಡುಗಳನ್ನೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಪತ್ರ ಕಲಸುಮೇಲೋಗರ. ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಈ ಏರ್ಪಾಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವೂ ಇತ್ತು. ಬಳಕೆಗೆ ಬರಲು ಮಾತ್ರ ನಾವು ಬಹಳ ತಡಮಾಡಿದೆವು.

ಇದು ಬರೀ ಅಂದಚೆಂದದ ವಿಷಯವೆಂದುಕೊಳ್ಳಬೇಡಿ. ಕಣ್ಣು ಕಾಣದ ನನ್ನ ಸಹೋದ್ಯೋಗಿಯೊಬ್ಬರು ಸಮಾಜ ವಿಜ್ಞಾನ ಪಾಠ ಮಾಡುತ್ತಾರೆ. ಅವರ ಕಂಪ್ಯೂಟರ್ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಳೆಯ ಫಾಂಟಿನಲ್ಲಿ ಸುತ್ತೋಲೆ ಬಂದ ದಿನ ಅದರ ಬಾಯಿಂದ ಬರೀ ಅರ್ಥವಿಲ್ಲದ ಗೊಣಗಾಟ. ಆಗ ಅವರು ಯಾರಾದರೂ ಬಿಡುವಾಗುವುದನ್ನೇ ಕಾಯುತ್ತಾರೆ. ಸುತ್ತೋಲೆಯನ್ನು ಕಳಿಸಿದವರು ಮಾಡಬೇಕಾದದ್ದು ಇಷ್ಟೇ: ಬರೆಯಲು ಕೂರುವ ಮೊದಲು ಯೂನಿಕೋಡನ್ನು ಆರಿಸಿಕೊಳ್ಳುವುದು.